ಮರ ಯಾರದು ಅಂತ ಮೊದಲು ಹೇಳಿ

ಆಫ್ರಿಕಾದ ಬಡತನ ನೀಗಿಸುವ ಯೋಜನೆ ಅಂದ ಕೂಡಲೇ ನಮ್ಮ ಟೈಮ್‌ಲೈನ್‌ಗೆ ಬರೋದು ಒಂದೇ ನಮೂನೆಯ ಫೋಟೊ. ಹೊಸ ಟ್ರ್ಯಾಕ್ಟರು ಅಥವಾ ಹೊಸ ಪಂಪು, ಅದರ ಮುಂದೆ ನಗುವ ಮಕ್ಕಳು, ಪಕ್ಕದಲ್ಲಿ ದಾನಿಗಳ ಬೋರ್ಡು. ನಾಲ್ಕು ವರ್ಷದ ಮೇಲೆ ಅದೇ ಜಾಗಕ್ಕೆ ಹೋಗಿ ಇನ್ನೊಂದು ಫೋಟೊ ಹಾಕಿದವರು ಕಡಿಮೆ.

ಮಕ್ಕಳು ತಿರುಗಣೆ ಆಡಿದರೆ ಬೋರ್‌ವೆಲ್ಲಿನ ನೀರು ಟ್ಯಾಂಕಿಗೆ ಏರುವ 'ಪ್ಲೇಪಂಪ್' ನೆನಪಿರಬಹುದು. 2006ರಲ್ಲಿ ಅಮೆರಿಕದ ಸರ್ಕಾರ ಮತ್ತು ದಾನಿಗಳು ಸೇರಿ ಅದಕ್ಕೆ 1.64 ಕೋಟಿ ಡಾಲರ್ ಘೋಷಿಸಿದರು. ಮಕ್ಕಳು ಇಡೀ ದಿನ ಆಡುತ್ತಾರಾ? ಶಾಲೆಗೆ ಹೋಗಬೇಕು, ಬಿಸಿಲು ಬೇರೆ. ಮೊಜಾಂಬಿಕ್‌ನ ಹಳ್ಳಿಗಳಲ್ಲಿ ಕೊನೆಗೆ ಸೊಂಟ ಬಗ್ಗಿಸಿ ಅದನ್ನು ತಿರುಗಿಸಿದ್ದು ದೊಡ್ಡ ಹೆಂಗಸರು. 2010ರ ಹೊತ್ತಿಗೆ ಯೋಜನೆ ಕದ ಹಾಕಿತು. ಹೆಂಗಸರನ್ನು ಮೊದಲೇ ಒಂದು ಮಾತು ಕೇಳಿದ್ದರೆ ಕೈಪಂಪೇ ಸಾಕು ಅಂದಿರುತ್ತಿದ್ದರೇನೋ.

ನನ್ನ ತಕರಾರು ಯಂತ್ರದ ಮೇಲಲ್ಲ. ರೈತನಿಗೆ ಬೀಜ, ಗೊಬ್ಬರ, ಪಂಪು ಕೊಡುವ ಮೊದಲು, ಅವನು ಬೆಳೆಸಿದ್ದು ಅವನಿಗೇ ಉಳಿಯುತ್ತೆ ಅನ್ನೋ ಖಾತ್ರಿ ಕೊಡಬೇಕು. ಅದು ಇದ್ದಲ್ಲಿ ಅತಿ ಬಡ ದೇಶದಲ್ಲೂ ಜನ ತಾವೇ ಕೆಲಸಕ್ಕೆ ಇಳಿದಿದ್ದಾರೆ.

ನೈಜರ್ ದೇಶವನ್ನೇ ತಗೊಳ್ಳಿ. ದಕ್ಷಿಣದಲ್ಲಿ, ನೈಜೀರಿಯಾ ಗಡಿಗೆ ಅಂಟಿಕೊಂಡಂತೆ ಮರಾಡಿ, ಜಿಂದೆರ್ ಪ್ರಾಂತ್ಯಗಳಿವೆ. ಅಲ್ಲಿನ ಬೆಳೆ ನಮ್ಮ ಉತ್ತರ ಕರ್ನಾಟಕದವರಿಗೆ ಹೊಸದೇನಲ್ಲ: ಸಜ್ಜೆ, ಜೋಳ, ಅಲಸಂದಿ, ಶೇಂಗಾ. 1980ರ ದಶಕದ ಆರಂಭದಲ್ಲಿ ಟೋನಿ ರಿನಾಡೊ ಅನ್ನೋ ಆಸ್ಟ್ರೇಲಿಯಾದ ಕೃಷಿತಜ್ಞರು ಮಿಷನರಿ ಸಂಸ್ಥೆಯೊಂದರ ಪರವಾಗಿ ಮರಾಡಿಯಲ್ಲಿ ಸಸಿ ನೆಡಿಸುತ್ತಿದ್ದರು. ನೆಟ್ಟದ್ದರಲ್ಲಿ ಬಹುಪಾಲು ಒಣಗಿಹೋಗುತ್ತಿತ್ತು. 1983ರಲ್ಲಿ ಒಂದು ದಿನ, ಗಾಡಿ ಮರಳಲ್ಲಿ ಹೂತುಕೊಳ್ಳದಿರಲಿ ಅಂತ ಟೈರಿನ ಗಾಳಿ ಇಳಿಸೋಕೆ ನಿಂತಾಗ ಪಕ್ಕದ ಪೊದೆ ಅವರ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ಎಲೆ ನೋಡಿದರೆ ಅದು ಪೊದೆಯೇ ಅಲ್ಲ. ಕಡಿದ ಮರದ ಬೊಡ್ಡೆಯಿಂದ ಎದ್ದ ಚಿಗುರು. ಮರ ಹೋಗಿತ್ತು, ಬೇರು ಜೀವಂತ ಇತ್ತು. ಅಂಥ ಬೊಡ್ಡೆಗಳು ಹೊಲಹೊಲದಲ್ಲೂ ಇದ್ದವು. ರೈತರು ಪ್ರತಿವರ್ಷ ಬಿತ್ತನೆಗೆ ಮುಂಚೆ ಅವನ್ನು ಸವರಿ ಸುಟ್ಟು ಹೊಲ ಹಸನು ಮಾಡುತ್ತಿದ್ದರು.

ಹಾಗಾಗಿ ನರ್ಸರಿ ಬೇಡ, ಸಸಿ ಬೇಡ, ನೀರೂ ಬೇಡ. ಬೊಡ್ಡೆಯಲ್ಲಿ ಎದ್ದ ಚಿಗುರುಗಳ ಪೈಕಿ ಗಟ್ಟಿಯಾದ ನಾಲ್ಕೈದನ್ನು ಬಿಟ್ಟು ಉಳಿದದ್ದು ಕತ್ತರಿಸಿದರೆ ಆಯ್ತು. ಅದರಲ್ಲೂ 'ಗಾವೊ' ಅನ್ನೋ ಮರ ಅಲ್ಲಿನ ರೈತರಿಗೆ ಅಚ್ಚುಮೆಚ್ಚು. ಇದರ ರೀತಿಯೇ ಉಲ್ಟಾ: ಮಳೆಗಾಲದಲ್ಲಿ ಎಲೆ ಉದುರಿಸಿ ಬೋಳಾಗುತ್ತೆ, ಒಣಗಾಲದಲ್ಲಿ ಹಸಿರಾಗುತ್ತೆ. ಸಜ್ಜೆ ಬೆಳೆಯೋ ಹೊತ್ತಿಗೆ ನೆರಳಿನ ಕಾಟ ಇಲ್ಲ, ಉದುರಿದ ಎಲೆ ಗೊಬ್ಬರ, ಕಾಯಿ ದನ-ಆಡುಗಳಿಗೆ ಮೇವು.

ಇಷ್ಟು ಸುಲಭ ಇದ್ದರೆ ಮೊದಲೇ ಯಾಕೆ ಮಾಡಲಿಲ್ಲ? ಯಾಕಂದ್ರೆ ಮರ ರೈತನದ್ದಾಗಿರಲಿಲ್ಲ. ಫ್ರೆಂಚರ ಕಾಲದ ಅರಣ್ಯ ಕಾನೂನಿನಲ್ಲಿ ಹೊಲದೊಳಗಿನ ಮರವೂ ಸರ್ಕಾರದ್ದು. ಸ್ವಾತಂತ್ರ್ಯ ಬಂದಮೇಲೂ ಅದೇ ನಡೆಯಿತು. ತನ್ನ ಹೊಲದ ಕೊಂಬೆ ಕಡಿದರೂ ಫಾರೆಸ್ಟಿನವರು ಬಂದು ದಂಡ ಹಾಕುತ್ತಿದ್ದರು. ಇಂಥ ಮರವನ್ನು ಯಾವ ರೈತ ಬೆಳೆಯೋಕೆ ಬಿಡುತ್ತಾನೆ? ಚಿಗುರಲ್ಲೇ ಕಿತ್ತು ಬಿಸಾಕುತ್ತಾನೆ. ಇದನ್ನು ನಮಗೆ ಬಿಡಿಸಿ ಹೇಳಬೇಕಿಲ್ಲ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಆಗೋವರೆಗೆ ನಮ್ಮ ಹೊಲದ ಬದುವಿನಲ್ಲಿ ಹುಟ್ಟಿದ ಶ್ರೀಗಂಧವೂ ಸರ್ಕಾರದ್ದೇ ಆಗಿತ್ತು. ಗಂಧದ ಸಸಿ ಕಂಡರೆ "ಯಾಕೆ ಬೇಕಪ್ಪ ಉಸಾಬರಿ" ಅಂತ ಕಿತ್ತೆಸೆದ ಹಿರಿಯರು ಎಷ್ಟು ಮನೆಗಳಲ್ಲಿಲ್ಲ!

1984ರ ಬರ ಬಿದ್ದಾಗ ಕಾಳು ಹಂಚುವ ಕಾರ್ಯಕ್ರಮದ ಜೊತೆಗೇ ಮರ ಉಳಿಸೋ ಶರತ್ತು ಸೇರಿಕೊಂಡಿತು. ಬರ ಮುಗಿದಮೇಲೆ ಕೆಲವರು ಉಳಿಸಿದ್ದನ್ನೂ ಕಡಿದರು, ಅದೂ ಆಯ್ತು. ಆದರೆ ಅರಣ್ಯ ಸಿಬ್ಬಂದಿ ಸ್ಥಳೀಯವಾಗಿ ದಂಡ ಹಾಕೋದು ನಿಲ್ಲಿಸಿ, ಬೆಳೆಸಿದ ಮರದ ಸೌದೆ ರೈತನೇ ಮಾರಬಹುದು ಅಂತಾದಮೇಲೆ ಸುದ್ದಿ ಊರಿಂದ ಊರಿಗೆ ತಾನಾಗಿಯೇ ಹರಡಿತು. ಉಪಗ್ರಹ ಚಿತ್ರ ಹಿಡಿದು ಲೆಕ್ಕ ಹಾಕಿದ ಸಂಶೋಧಕರ ಅಂದಾಜು: ಸುಮಾರು 50 ಲಕ್ಷ ಹೆಕ್ಟೇರ್, 20 ಕೋಟಿ ಮರ. ಯಾರೂ ನೆಟ್ಟದ್ದಲ್ಲ. ಸರ್ಕಾರ ಇದಕ್ಕೊಂದು ಸರಿಯಾದ ಆದೇಶ ಹೊರಡಿಸಿದ್ದು 2020ರಲ್ಲಿ. ಕಾಗದ ಬರೋಕೆ ಮೂರೂವರೆ ದಶಕ ಬೇಕಾಯ್ತು!

ಪಕ್ಕದ ಬುರ್ಕಿನಾ ಫಾಸೊದ ಕಥೆ ಇದಕ್ಕಿಂತ ಕಹಿ. ಅಲ್ಲಿನ ಯಾತೆಂಗಾ ಪ್ರಾಂತ್ಯದಲ್ಲಿ ನೆಲ ಕಾದು ಸಿಮೆಂಟಿನ ಹಾಗೆ ಗಟ್ಟಿಕಟ್ಟಿರುತ್ತೆ, ಮಳೆ ಬಿದ್ದರೆ ನೀರು ಜಾರಿಕೊಂಡು ಹೋಗುತ್ತೆ. ಗೂರ್ಗಾ ಊರಿನ ಯಾಕೂಬಾ ಸಾವಾಡೊಗೊ ಒಣಗಾಲದಲ್ಲೇ ಗುದ್ದಲಿ ಹಿಡಿದು ಗುಂಡಿ ತೋಡೋಕೆ ಶುರುಮಾಡಿದರು. ಗೇಣಗಲ, ಅದಕ್ಕಿಂತ ತುಸು ಕಡಿಮೆ ಆಳ, ಒಂದೊಂದಕ್ಕೂ ಎರಡು ಹಿಡಿ ಗೊಬ್ಬರ. ಗೊಬ್ಬರಕ್ಕೆ ಗೆದ್ದಲು ಬರುತ್ತೆ. ನಾವು ಗೆದ್ದಲು ಕಂಡರೆ ಔಷಧಿ ಹುಡುಕುತ್ತೇವೆ, ಅವರು ಬರಲಿ ಅಂತ ಕಾದರು. ಗೆದ್ದಲು ಕೊರೆದ ಸುರಂಗದಲ್ಲಿ ಮಳೆನೀರು ಕೆಳಗಿಳಿಯುತ್ತೆ, ಗುಂಡಿಯಲ್ಲಿ ಬಿತ್ತಿದ ಜೋಳ ಅದನ್ನು ಕುಡಿದು ಮೇಲೇಳುತ್ತೆ. ಇದು ಅಲ್ಲಿನ ಹಳೇ ಪದ್ಧತಿಯೇ, ಹೆಸರು 'ಜಾಯ್'. ಅವರು ಗುಂಡಿ ದೊಡ್ಡದು ಮಾಡಿ ಗೊಬ್ಬರ ಸೇರಿಸಿದರು. ಊರವರು ಹುಚ್ಚ ಅಂದರು. ಆಮೇಲೆ ಅದೇ ಊರವರು ಬೀಜ ಕೇಳಿಕೊಂಡು ಬಂದರು.

ಅದೇ ಸೀಮೆಯಲ್ಲಿ ಆಕ್ಸ್‌ಫ್ಯಾಮ್ ಸಂಸ್ಥೆಯವರು ಕಲ್ಲಿನ ಒಡ್ಡು ಹಾಕೋದು ಕಲಿಸಿದ್ದೂ ಹೇಳಬೇಕು. ಸಮಪಾತಳಿ ಗುರುತಿಸೋಕೆ ಕೊಟ್ಟಿದ್ದು ಎರಡು ಕೋಲಿಗೆ ಕಟ್ಟಿದ, ನೀರು ತುಂಬಿದ ಪಾರದರ್ಶಕ ಪೈಪು. ನಮ್ಮ ಗಾರೆ ಮೇಸ್ತ್ರಿಗಳು ಪಾಯದ ಮಟ್ಟ ನೋಡೋಕೆ ಹಿಡಿಯೋದೂ ಅದನ್ನೇ. ಓದು ಬರಹ ಬಾರದವರೂ ಒಂದೆರಡು ದಿನದಲ್ಲಿ ಕಲಿತರು. ದಾನಿ ಸಂಸ್ಥೆಗಳು ಮಾಡಿದ್ದರಲ್ಲಿ ನನಗೆ ಬಹಳ ಇಷ್ಟವಾದ ಕೆಲಸ ಇದು. ಕೆಟ್ಟರೆ ಸಂತೆಯಲ್ಲಿ ಇನ್ನೊಂದು ಪೈಪು ಸಿಗುತ್ತೆ.

ಆದರೆ ಯಾಕೂಬಾ ಅವರಿಗೆ ಏನಾಯ್ತು ನೋಡಿ. 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2020ರಲ್ಲಿ ವಿಶ್ವಸಂಸ್ಥೆ ಸನ್ಮಾನಿಸಿತು. ಅಷ್ಟರೊಳಗೆ ಪಕ್ಕದ ವಾಹಿಗೂಯಾ ಪಟ್ಟಣ ಬೆಳೆದು, ಅದೇ ಗುಂಡಿಗಳಲ್ಲಿ ಮರವನ್ನೂ ಬೆಳೆಸಿ ಅವರು ಎಬ್ಬಿಸಿದ್ದ ಕಾಡಿನ ಭಾಗ ಸೈಟುಗಳಾಗಿ ಹಂಚಿಕೆಯಾಗಿತ್ತು. ಬೇಕಾದರೆ ದುಡ್ಡು ಕೊಟ್ಟು ಕೊಂಡುಕೋ ಅನ್ನೋ ಸ್ಥಿತಿ. 2023ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಪ್ರಶಸ್ತಿ ಫಲಕ ತೋರಿಸಿದರೆ ಕಂದಾಯ ಇಲಾಖೆ ಕೇಳುತ್ತಾ?

ಇನ್ನು ನಮ್ಮದೇ ಬೆಂಗಳೂರಿನವರು ಅಲ್ಲಿ ಮಾಡಿದ್ದು. ಗುಲಾಬಿ ಬೆಳೆದು ಹೆಸರು ಮಾಡಿದ ಕರುತುರಿ ಗ್ಲೋಬಲ್ ಕಂಪನಿ ಇಥಿಯೋಪಿಯಾದ ಗಂಬೆಲಾದಲ್ಲಿ 1 ಲಕ್ಷ ಹೆಕ್ಟೇರ್ ಗುತ್ತಿಗೆ ಹಿಡಿಯಿತು. 50 ವರ್ಷಕ್ಕೆ, ಹೆಕ್ಟೇರಿಗೆ ವರ್ಷಕ್ಕೆ 20 ಬಿರ್! ಆಗಿನ ಲೆಕ್ಕದಲ್ಲಿ ಒಂದೆರಡು ಡಾಲರ್. ಅನುವಾಕ್ ಜನ ತಲೆಮಾರುಗಳಿಂದ ಬೇಸಾಯ ಮಾಡಿ, ಮೀನು ಹಿಡಿದು ಬದುಕಿದ ಸೀಮೆ ಅದು. 2011ರಲ್ಲಿ ಬಾರೊ ನದಿ ಉಕ್ಕಿ ಮೆಕ್ಕೆಜೋಳ ಮುಳುಗಿತು. 2015ರ ಕೊನೆಯಲ್ಲಿ ಸರ್ಕಾರ ಗುತ್ತಿಗೆಯನ್ನೇ ರದ್ದು ಮಾಡಿತು. ಇದನ್ನೂ ಅಭಿವೃದ್ಧಿ ಅಂತಲೇ ಕರೆದಿದ್ದರು. ಹೊಳೆ ಎಲ್ಲಿವರೆಗೆ ಏರುತ್ತೆ ಅಂತ ತಿಳಿದವರು ಅದೇ ಊರಲ್ಲಿ ಇದ್ದರು.

ದುಡ್ಡಿನ ವಿಷಯದಲ್ಲೂ ಮರಾಡಿ ಹೆಂಗಸರನ್ನು ನೋಡಬೇಕು. 1991ರಲ್ಲಿ ಕೇರ್ ಅನ್ನೋ ನೆರವು ಸಂಸ್ಥೆ ಅಲ್ಲಿ ಉಳಿತಾಯ ಗುಂಪು ಶುರುಮಾಡಿತು. ಹೊರಗಿನ ಒಂದು ಪೈಸೆ ಬಂಡವಾಳ ಇಲ್ಲ. ವಾರವಾರ ಹಾಕಿದ ದುಡ್ಡು ಒಂದು ಪೆಟ್ಟಿಗೆಯಲ್ಲಿ. ಇಂಥ ಗುಂಪುಗಳಲ್ಲಿ ಈಗ ಪೆಟ್ಟಿಗೆಗೆ ಮೂರು ಬೀಗ, ಕೀಲಿಗಳು ಮೂರು ಬೇರೆ ಬೇರೆ ಮನೆಯಲ್ಲಿ. ಅದರಿಂದಲೇ ಸದಸ್ಯರಿಗೆ ಸಾಲ, ಬಡ್ಡಿಯೂ ಅವರದ್ದೇ. ವರ್ಷದ ಕೊನೆಗೆ ಪೆಟ್ಟಿಗೆ ಪೂರ್ತಿ ಖಾಲಿ ಮಾಡಿ ಹಂಚಿಕೊಂಡು ಮತ್ತೆ ಸೊನ್ನೆಯಿಂದ ಶುರು. ನಮ್ಮ ಸ್ವಸಹಾಯ ಸಂಘಗಳು ಬ್ಯಾಂಕ್ ಸಾಲದ ಕಡೆ ಹೊರಳಿದವು, ಅದರ ಹಿಂದೆ ಮೈಕ್ರೊಫೈನಾನ್ಸಿನವರು ಬಂದರು, ಮುಂದಿನದು ನಿಮಗೇ ಗೊತ್ತು. ನನಗಂತೂ ಆ ಪೆಟ್ಟಿಗೆಯ ಪದ್ಧತಿಯೇ ಮೇಲು ಅನ್ನಿಸುತ್ತೆ.

ಇಷ್ಟೆಲ್ಲ ಆಗಿ ನೈಜರ್ ಶ್ರೀಮಂತ ಆಯ್ತಾ ಅಂತ ಕೇಳಿದರೆ, ಇಲ್ಲ. ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಇವತ್ತಿಗೂ ತಳದಲ್ಲೇ ಇದೆ. ಜನಸಂಖ್ಯೆ ಓಡುತ್ತಿದೆ, 2023ರಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಬುರ್ಕಿನಾದಲ್ಲಿ ಉಗ್ರರ ಹಾವಳಿಗೆ 20 ಲಕ್ಷ ಜನ ಮನೆ ಬಿಟ್ಟಿದ್ದಾರೆ. ಅಂಥ ಕಡೆ ಗುಂಡಿ ತೋಡೋಕೆ ಹೊಲಕ್ಕೆ ಹೋಗೋದೇ ಕಷ್ಟ. ಇನ್ನು ಹೆಕ್ಟೇರಿಗೆ ಹತ್ತು ಸಾವಿರಕ್ಕೂ ಹೆಚ್ಚು ಗುಂಡಿ ಅಂದರೆ ಮನೆಯಲ್ಲಿ ದುಡಿಯೋ ಕೈ ಇರಬೇಕು. ಒಂಟಿ ವಿಧವೆಗೆ ಅದು ಆಗದ ಮಾತು, ನಾಲ್ಕು ಜನ ಕೂಡಿ ಮಾಡಿದರೆ ಮಾತ್ರ ಆದೀತು.

ಹೆಂಗಸರದ್ದೇ ನನಗೆ ಇನ್ನೂ ಬಗೆಹರಿಯದ ಪ್ರಶ್ನೆ. ಹೈದರಾಬಾದಿನ ಇಕ್ರಿಸಾಟ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆಯ ನೈಜರ್ ಕೇಂದ್ರದವರು ಯಾರಿಗೂ ಬೇಡವಾದ ಬರಡು ನೆಲವನ್ನು ಮಹಿಳಾ ಗುಂಪುಗಳಿಗೆ ಕೊಡಿಸಿ, ಅದೇ ಜಾಯ್ ಗುಂಡಿಗಳಲ್ಲಿ ಬೆಂಡೆ, ನುಗ್ಗೆ, ಭಾರತದಿಂದ ಹೋದ ಸುಧಾರಿತ ಬಾರೆಹಣ್ಣಿನ ಗಿಡ ಬೆಳೆಸಿದರು. ಒಳ್ಳೇ ಕೆಲಸ. ಆದರೆ ಬರಡಾಗಿದ್ದಾಗ ಬಿಟ್ಟುಕೊಟ್ಟ ನೆಲವನ್ನು ಹಸಿರಾದಮೇಲೆ ಗಂಡಸರು ವಾಪಸ್ ಕೇಳಿದರೆ? ನೈಜರ್‌ನಲ್ಲಿ 1993ರಿಂದ ಹಳ್ಳಿಗಾಡಿನ ಭೂಮಿ ಹಕ್ಕಿಗೆ 'ಗ್ರಾಮೀಣ ಸಂಹಿತೆ' ಅನ್ನೋ ಕಾನೂನು ಇದೆ, ಅದರಡಿ ಭೂ ಆಯೋಗಗಳೂ ಇವೆ. ಆಯೋಗದ ಮುದ್ರೆ ಬಿದ್ದ ಒಂದು ಕಾಗದ ಆ ಗುಂಪಿನ ಹೆಸರಿಗೆ ಮಾಡಿಸೋಕೆ ಓಡಾಟ, ಫೀಸು, ಸಾಕ್ಷಿ ಎಲ್ಲ ಬೇಕು. ಇದರ ಫೋಟೊ ಯಾರೂ ಹಾಕಲ್ಲ, ಲೈಕೂ ಬರಲ್ಲ. ನನ್ನ ಕೈಯಿಂದ ದೇಣಿಗೆ ಹೋಗೋದಾದರೆ ಮೊದಲು ಆ ಕಾಗದದ ಖರ್ಚಿಗೆ ಹೋಗಲಿ, ಬೀಜದ ಪ್ಯಾಕೆಟ್ಟಿಗೆ ಆಮೇಲೆ ನೋಡೋಣ.