ಮೊಟ್ಟೆ ಬರೆದದ್ದಕ್ಕೆ ಅರ್ಧ ಅಂಕ ಖೋತಾ

ಸಂಜೆ ಮೊಮ್ಮಗಳ ಅಭ್ಯಾಸದ ಹಾಳೆ ನೋಡಿದಾಗಿನಿಂದ ಮೈ ಉರಿಯುತ್ತಿದೆ. ‘ಓವಲ್ ಆಕಾರ ಬರೆ’ ಎಂಬ ಪ್ರಶ್ನೆಗೆ ಮಗು ಮೊಟ್ಟೆ ಬರೆದಿದೆ. ಕೆಳಗೆ ದಪ್ಪ, ಮೇಲೆ ತುಸು ಚೂಪು, ಥೇಟ್ ಕೋಳಿಮೊಟ್ಟೆ. ಅದರ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ಟೀಚರ್ ತಿದ್ದಿ ತೋರಿಸಿದ, ಮೇಲಿಂದ ಅದುಮಿದಂಥ ವೃತ್ತ. ಅರ್ಧ ಅಂಕ ಖೋತಾ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳ ಮನೆಯಲ್ಲೇ ಇದು ನಡೆಯಬೇಕೇ? ನನ್ನ ಕೋಪ ಬಲ್ಲ ಹಳೆಯ ಸಹೋದ್ಯೋಗಿಗಳು ಈಗಲೇ ನಗುತ್ತಿರುತ್ತಾರೆ. ನಗಲಿ.

ಓವಲ್ ಎಂಬ ಪದ ಬಂದದ್ದೇ ಲ್ಯಾಟಿನ್ನಿನ ‘ಓವಮ್’ನಿಂದ. ಓವಮ್ ಎಂದರೆ ಮೊಟ್ಟೆ. ನಾವು ಅಂಡಾಕಾರ ಎನ್ನುವಾಗಲೂ ಬಾಯಲ್ಲಿರುವುದು ಮೊಟ್ಟೆಯೇ. ಮೊಟ್ಟೆಯ ಆಕಾರ ಕೇಳಿ, ಮೊಟ್ಟೆ ಬರೆದರೆ ತಪ್ಪಂತೆ! ಟೀಚರ್ ಬರೆದದ್ದು ದೀರ್ಘವೃತ್ತ, ಇಂಗ್ಲಿಷಿನ ಎಲಿಪ್ಸ್. ಎರಡು ಗುಂಡುಪಿನ್ನು ಚುಚ್ಚಿ, ಅವುಗಳ ಸುತ್ತ ಸಡಿಲವಾಗಿ ದಾರದ ಕುಣಿಕೆ ಹಾಕಿ, ಪೆನ್ಸಿಲಿನಿಂದ ದಾರ ಬಿಗಿಹಿಡಿದು ಒಂದು ಸುತ್ತು ಬಂದರೆ ಮೂಡುವುದು ಅದು. ಅದಕ್ಕೊಂದು ಸಮೀಕರಣವಿದೆ, ಎರಡೂ ತುದಿ ಸಮಸಮ. ಓವಲ್‌ಗೆ ಅಂಥ ಕಟ್ಟುಪಾಡಿಲ್ಲ. ದೀರ್ಘವೃತ್ತವನ್ನೂ ಓವಲ್ ಎನ್ನಬಹುದು, ಓವಲ್‌ಗಳೆಲ್ಲ ದೀರ್ಘವೃತ್ತವಲ್ಲ.

ಸಿಟ್ಟಿನಲ್ಲಿ ಬೆಂದ ಮೊಟ್ಟೆಯೊಂದನ್ನು ಊಟದ ಮೇಜಿನ ಮೇಲೆ ಉರುಳಿಸಿ ತೋರಿಸಿದೆ. ನೆಟ್ಟಗೆ ಹೋಗಲಿಲ್ಲ. ಚೂಪು ತುದಿಯ ಕಡೆಗೆ ಬಾಗಿ, ಉಪ್ಪಿನ ಡಬ್ಬಿಯನ್ನು ಬಳಸಿಕೊಂಡು ನನ್ನ ಕಡೆಗೇ ಬಂತು. ಟೀಚರಿನ ಆ ಅದುಮಿದ ವೃತ್ತದ ಆಕಾರದ್ದಾಗಿದ್ದರೆ ನೇರವಾಗಿ ಉರುಳಿ ನೆಲಕ್ಕೆ ಬೀಳುತ್ತಿತ್ತು.

“ನಿಘಂಟಿನಲ್ಲಿ ಎರಡೂ ಅರ್ಥ ಇದೆಯಲ್ಲಮ್ಮ, ಕನ್ನಡಿಗೂ ಓವಲ್ ಎನ್ನುತ್ತಾರೆ, ತಟ್ಟೆಗೂ ಎನ್ನುತ್ತಾರೆ” ಎಂದ ಮಗ. ಇಲ್ಲ ಎಂದವರು ಯಾರು? 1880ರಲ್ಲಿ ಇಂಗ್ಲೆಂಡ್ ನೆಲದ ಮೊದಲ ಟೆಸ್ಟ್ ಪಂದ್ಯ ನಡೆದ ಲಂಡನ್ನಿನ ಮೈದಾನದ ಹೆಸರೇ ಓವಲ್, ಅಲ್ಲಿ ಯಾರೂ ಮೊಟ್ಟೆಯ ಚೂಪು ತುದಿ ಹುಡುಕುವುದಿಲ್ಲ. ಆದರೆ ಎರಡೂ ಅರ್ಥ ಇದ್ದ ಮೇಲೆ ಎರಡಕ್ಕೂ ಅಂಕ ಕೊಡಬೇಕಲ್ಲವೇ? ಮೂಲ ಅರ್ಥಕ್ಕೇ ಕೆಂಪು ಗೀಟು ಯಾವ ನ್ಯಾಯ? ಎಂಜಿನಿಯರ್ ಮಗನ ಬಳಿ ಉತ್ತರವಿರಲಿಲ್ಲ, ಮೊಬೈಲ್ ಇತ್ತು.

ನನ್ನದೂ ಒಂದು ಪಾಪವಿದೆ, ಹೇಳಿಬಿಡುತ್ತೇನೆ. ವಿಜ್ಞಾನದ ಮೇಷ್ಟ್ರು ರಜೆ ಹಾಕಿದಾಗಲೆಲ್ಲ ಅವರ ತರಗತಿ ತೆಗೆದುಕೊಂಡು, ಭೂಮಿ ಸೂರ್ಯನನ್ನು ಮೊಟ್ಟೆಯಾಕಾರದ ದಾರಿಯಲ್ಲಿ ಸುತ್ತುತ್ತದೆ ಎಂದು ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟವಳು ನಾನೇ. ಅಲ್ಲಿ ಮಾತ್ರ ದೀರ್ಘವೃತ್ತ ಎನ್ನಲೇಬೇಕಿತ್ತು. ಸಮಾಧಾನವೆಂದರೆ ಖಗೋಳವಿಜ್ಞಾನಿ ಕೆಪ್ಲರನಂಥ ಕೆಪ್ಲರನೂ ಮಂಗಳನ ಕಕ್ಷೆಗೆ ಮೊದಲು ಮೊಟ್ಟೆಯನ್ನೇ ಕೂರಿಸಲು ಹೋಗಿದ್ದ. ಲೆಕ್ಕ ಕೂಡಿಬರದೆ ಒದ್ದಾಡಿ ಒದ್ದಾಡಿ ಕೊನೆಗೆ ದೀರ್ಘವೃತ್ತಕ್ಕೆ ಬಂದ. 1609ರಲ್ಲಿ ಅದು ಅಚ್ಚಾಯಿತು. ಪುಣ್ಯಕ್ಕೆ ಅವನ ಹಾಳೆ ತಿದ್ದಲು ಈ ಟೀಚರ್ ಇರಲಿಲ್ಲ.

ಇದನ್ನೆಲ್ಲ ಒಂದೂವರೆ ಪುಟ ಬರೆದು ಮಗುವಿನ ಡೈರಿಯಲ್ಲಿಟ್ಟಿದ್ದೆ. ಸೊಸೆ ಅದನ್ನು ತೆಗೆದು ಫ್ರಿಜ್ಜಿನ ಮೇಲಿಟ್ಟು, “ಅತ್ತೆ, ಅರ್ಧ ಅಂಕ ತಾನೇ” ಎಂದಳು. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ವಾಪಸ್ ಸೇರಿಸುತ್ತೇನೆ.