ಸೊಂಟದ ಕೀಲು ‘ಜಾರಿದೆ’ ಅನ್ನೋ ಮಾತಿಗೆ ಸ್ಪಷ್ಟನೆ

‘ಸೊಂಟದ ಎಸ್‌ಐ ಕೀಲು ಜಾರಿದೆ, ಒಂದ್ಸಲ ಲಟಕ್ ಅನ್ನಿಸಿದರೆ ಜಾಗಕ್ಕೆ ಕೂರುತ್ತದೆ’ ಎಂಬ ಮಾತು ವಿಡಿಯೋಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಬೆನ್ನುಮೂಳೆಯ ಕೆಳಗಿನ ತ್ರಿಕೋನದಂಥ ಮೂಳೆ ಸೊಂಟದ ಮೂಳೆಗೆ ಸೇರುವ ಜಾಗವೇ ಸೇಕ್ರೋಇಲಿಯಾಕ್, ಅಂದರೆ ಎಸ್‌ಐ ಕೀಲು. ಎಡಕ್ಕೊಂದು, ಬಲಕ್ಕೊಂದು. ಎರಡೂ ಮೂಳೆಗಳ ಉಬ್ಬುತಗ್ಗು ಒಂದಕ್ಕೊಂದು ಕಚ್ಚಿಕೊಂಡಿರುತ್ತದೆ. ಸುತ್ತ ಗಟ್ಟಿ ಲಿಗಮೆಂಟುಗಳ (ಮೂಳೆಗೆ ಮೂಳೆ ಕಟ್ಟುವ ಪಟ್ಟಿಗಳ) ಬಿಗಿ ಬೇರೆ. 1989ರಲ್ಲಿ ಸ್ವೀಡನ್ನಿನ ವೈದ್ಯರು ಮೂಳೆಯೊಳಗೆ ಪುಟ್ಟ ಲೋಹದ ಗುಂಡುಗಳನ್ನಿಟ್ಟು ಎಕ್ಸ್‌ರೇಯಲ್ಲಿ ಇದರ ಚಲನೆ ಅಳೆದರು. ತಿರುಗಿದ್ದು ಸರಾಸರಿ 2.5 ಡಿಗ್ರಿ, ಸರಿದದ್ದು ಒಂದು ಮಿಲಿಮೀಟರೂ ಇಲ್ಲ! ಇಷ್ಟನ್ನು ಬೆರಳಲ್ಲಿ ಮುಟ್ಟಿ ಕಂಡುಹಿಡಿಯೋದು ಕಷ್ಟ, ಅಲ್ವಾ? 1998ರಲ್ಲಿ ಇದೇ ವಿಧಾನದಿಂದ ನೋಡಿದಾಗ, ಕೈಯಿಂದ ‘ಕೂರಿಸಿದ’ ಮೇಲೂ ಮೂಳೆಗಳ ಜಾಗ ಬದಲಾಗಿರಲಿಲ್ಲ. ಸದ್ದು ಬಂತು ಅಂದರೆ ಮೂಳೆ ಸರಿಯಿತು ಅಂತಲ್ಲ. ಬೆರಳಿನ ನೆಟಿಕೆಗೂ ಸದ್ದು ಬರುತ್ತದೆ.

ಹಾಗಂತ ನೋವು ಸುಳ್ಳಲ್ಲ. ಗರ್ಭಿಣಿಯರಲ್ಲಂತೂ ಇದು ಸಾಮಾನ್ಯ. ಒತ್ತಿಸಿಕೊಂಡಾಗ ಕೆಲವರಿಗೆ ಸ್ವಲ್ಪ ಹೊತ್ತು ಹಗುರ ಅನ್ನಿಸುವುದೂ ಉಂಟು. ಹೆಚ್ಚಿನವರಿಗೆ ವ್ಯಾಯಾಮವೇ ಮೊದಲ ಮದ್ದು, ಕೆಲವರಿಗೆ ಬೆಲ್ಟ್ ಅಥವಾ ಇಂಜೆಕ್ಷನ್. ಆದರೆ ಚಿಕ್ಕ ವಯಸ್ಸಿನವರಿಗೆ ತಿಂಗಳುಗಟ್ಟಲೆ ನೋವಿದ್ದು, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಸೊಂಟ ಬಿಗಿದು, ಓಡಾಡಿದಂತೆ ಸಡಿಲವಾಗುತ್ತಿದ್ದರೆ ಅದು ಕೀಲಿನ ಉರಿಯೂತ ಇರಬಹುದು. ಆಗ ಸುಮ್ನೆ ಒತ್ತಿಸಿಕೊಳ್ಳಬೇಡಿ, ಸಂಧಿವಾತದ ಡಾಕ್ಟರಿಗೆ ತೋರಿಸಿ.