ಪುಟ ಇಲ್ಲದಿದ್ದರೆ ಇಲ್ಲ ಅಂತಲೇ ಹೇಳಿ

ಬೆಳಗ್ಗೆಯಿಂದ ತಲೆ ಕೆಟ್ಟು ಹೋಗಿದೆ. ಗುರುತು ಹಾಕಿಟ್ಟುಕೊಂಡಿದ್ದ ಒಂದು ಹಳೆಯ ಕೊಂಡಿ ಒತ್ತಿದೆ. ಬೇಕಾಗಿದ್ದ ಲೇಖನ ಬರಲಿಲ್ಲ, ಸೀದಾ ಮುಖಪುಟಕ್ಕೆ ತಂದು ಬಿಟ್ಟಿತು. ನಾನೇ ಏನೋ ತಪ್ಪು ಒತ್ತಿರಬೇಕು ಅಂತ ಮೂರು ಸಲ ಒತ್ತಿದೆ. ಮತ್ತೆ ಅದೇ. ಕೊನೆಗೆ ಸರ್ವರ್ ಕಳಿಸುವ ಉತ್ತರವನ್ನು ಹಾಗೇ ತೋರಿಸುವ ಕರ್ಲ್‌ನಲ್ಲಿ ನೋಡಿದರೆ ಮೊದಲು 302, ಅಂದರೆ ಬೇರೆ ವಿಳಾಸಕ್ಕೆ ಹೋಗು; ಆಮೇಲೆ 200, ಅಂದರೆ ಎಲ್ಲ ಸರಿ. ಪುಟ ಇಲ್ಲ ಅನ್ನುವ 404 ಎಲ್ಲೂ ಇಲ್ಲ! ಪುಟ ಇಲ್ಲ ಅಂತ ಒಂದು ಮಾತು ಹೇಳಿದ್ದರೆ ಬೇರೆ ಕಡೆ ಹುಡುಕುತ್ತಿದ್ದೆ.

ನಾನು ದಿನವಿಡೀ ಸರ್ವರ್‌ಗಳ ಜೊತೆಗೇ ಇರುವವನು, ನಿಮಗೆ ಗೊತ್ತಲ್ವಾ. ಈ ತಪ್ಪು ಎಷ್ಟು ಸಲ ಕಣ್ಣಿಗೆ ಬಿದ್ದಿದೆಯೋ. ಅಪಾಚೆ ಅನ್ನುವ ವೆಬ್ ಸರ್ವರ್ ತಂತ್ರಾಂಶದಲ್ಲಿ 404ಕ್ಕೆ ನಮ್ಮದೇ ಪುಟ ತೋರಿಸುವುದು ಒಂದೇ ಸಾಲಿನ ಕೆಲಸ: ಎರರ್‌ಡಾಕ್ಯುಮೆಂಟ್, 404, ಪುಟದ ದಾರಿ. ಆ ದಾರಿ ಸ್ಲ್ಯಾಶ್‌ನಿಂದ ಶುರುವಾಗಬೇಕು. ಎಚ್‌ಟಿಟಿಪಿ ಸೇರಿಸಿ ಪೂರ್ತಿ ವಿಳಾಸ ಕೊಟ್ಟಿರೋ, ಅಪಾಚೆ ರೀಡೈರೆಕ್ಟ್ ಮಾಡಿ ಬ್ರೌಸರನ್ನು ಆ ವಿಳಾಸಕ್ಕೇ ಕಳಿಸಿಬಿಡುತ್ತದೆ. ಬ್ರೌಸರ್‌ಗೆ 404 ತಲುಪುವುದೇ ಇಲ್ಲ. ನಾವು ಟೈಪ್ ಮಾಡಿದ ವಿಳಾಸವೂ ಅಡ್ರೆಸ್ ಬಾರ್‌ನಿಂದ ಮಾಯ. ಒಂದಕ್ಷರ ತಪ್ಪಿದ್ದರೆ ತಿದ್ದೋಣ ಅಂದರೆ ತಿದ್ದೋಕೆ ಏನೂ ಉಳಿದಿರಲ್ಲ. ಎಂಜಿನ್‌ಎಕ್ಸ್ ಅನ್ನುವ ಇನ್ನೊಂದು ಸರ್ವರ್ ತಂತ್ರಾಂಶದ ಎರರ್_ಪೇಜ್ ಸಾಲಿಗೆ ಸಮ ಚಿಹ್ನೆ ಹಾಕಿ 200 ಅಂತ ಬೇಕಂತಲೇ ಸೇರಿಸುವವರೂ ಇದ್ದಾರೆ. ಯಾಕಪ್ಪಾ?

"ಸ್ಟೇಟಸ್ ಕೋಡ್ ಯಾರು ನೋಡ್ತಾರೆ, ಪುಟ ಚೆನ್ನಾಗಿ ಕಂಡರೆ ಸಾಕು" ಅನ್ನುತ್ತಾರೆ. ಸ್ಟೇಟಸ್ ಕೋಡ್ ಅಂದರೆ ಈ 200, 404ರಂಥ ಸಂಖ್ಯೆಗಳು. ಜನ ನೋಡಲ್ಲ, ಒಪ್ಪಿದೆ. ಸರ್ಚ್ ಎಂಜಿನ್ ನೋಡುತ್ತದೆ. ಪುಟ ಇಲ್ಲದಿದ್ದರೂ 200 ಅನ್ನುವ ಇಂಥ ಪುಟಗಳನ್ನು ಗೂಗಲ್ ಸಾಫ್ಟ್ 404 ಅಂತ ಕರೆಯುತ್ತದೆ. ಮುರಿದ ಕೊಂಡಿ ಹುಡುಕುವ ಪ್ರೋಗ್ರಾಂ ಕೂಡ ಆ ಕೋಡನ್ನೇ ನಂಬುತ್ತದೆ. ಎಲ್ಲದಕ್ಕೂ 200 ಅಂದರೆ, ನೂರು ಕೊಂಡಿ ಮುರಿದಿದ್ದರೂ ವರದಿಯಲ್ಲಿ ಒಂದೂ ಕಾಣಲ್ಲ. ಚೆನ್ನಾಗಿ ಕಾಣಬೇಕಾ? ಚಿತ್ರ ಹಾಕಿ, ಹುಡುಕುವ ಪೆಟ್ಟಿಗೆ ಹಾಕಿ, ಯಾರೂ ಬೇಡ ಅನ್ನಲ್ಲ. 404 ಮಾತ್ರ 404 ಆಗಿಯೇ ಹೋಗಲಿ.

ನನ್ನಿಂದಲೂ ತಪ್ಪಾಗಿದೆ, ಹೇಳಿಬಿಡುತ್ತೇನೆ. ಒಮ್ಮೆ ಸರ್ವರ್ ಒಳಗೇ ತೊಂದರೆ ಅಂತ ಹೇಳುವ 500ರ ಪುಟವನ್ನು ಅಪ್ಲಿಕೇಶನ್ ಒಳಗೇ ಮಾಡಿದ್ದೆ. ಅದರ ಮೆನು ಡೇಟಾಬೇಸ್‌ನಿಂದ ಬರುತ್ತಿತ್ತು. ಒಂದು ರಾತ್ರಿ ಡೇಟಾಬೇಸ್ ಬಿತ್ತು, ಎರರ್ ಪುಟವೂ ಜೊತೆಗೇ ಬಿತ್ತು. ಬಂದವರಿಗೆಲ್ಲ ಬರೀ ಬಿಳಿ ಪರದೆ. ಏನಾಗಿದೆ ಅಂತ ಅವರಿಗೆ ಹೇಳುವವರೇ ಇರಲಿಲ್ಲ. ಆ ರಾತ್ರಿ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ. ಅಂದಿನಿಂದ 500, 502, 503 ಈ ಸರ್ವರ್ ತೊಂದರೆಯ ಕೋಡುಗಳಿಗೆ ಸರ್ವರ್‌ನಲ್ಲೇ ಒಂದು ಸಾದಾ ಎಚ್‌ಟಿಎಂಎಲ್ ಫೈಲ್ ಇಡುತ್ತೇನೆ, ಸ್ಟೈಲ್ ಕೂಡ ಅದರೊಳಗೇ. ರಿಪೇರಿಗೆ ಅಂತ ನಿಲ್ಲಿಸಿದಾಗ ಸದ್ಯಕ್ಕೆ ಸೇವೆ ಇಲ್ಲ ಅನ್ನುವ 503ರ ಜೊತೆ, ಎಷ್ಟು ಹೊತ್ತಿನ ಮೇಲೆ ಮತ್ತೆ ಬರಬೇಕು ಅಂತ ಹೇಳುವ ರೀಟ್ರೈ-ಆಫ್ಟರ್ ಹೆಡರ್ ಕಳಿಸುತ್ತೇನೆ.

ಬೆಳಗಿನ ಆ ಸೈಟಿನವರಿಗೆ ಇಮೇಲ್ ಬರೆದಿದ್ದೇನೆ, ಯಾವ ಸಾಲು ನೋಡಬೇಕು ಅಂತಲೂ ಹೇಳಿದ್ದೇನೆ. ಲೇಖನ ಇನ್ನೂ ಸಿಕ್ಕಿಲ್ಲ.